ಬಾಲ ಎತ್ತಿ ನಿಂತ ಪಿಕಪ್ಪು

ನಮ್ಮ ಮನೆಯಲ್ಲಿ ಯಾವ ವಸ್ತುವೂ ತಾನಾಗಿ ಕೆಡುವುದಿಲ್ಲ. ನಮ್ಮೆಜಮಾನ್ರು ಅದನ್ನ ಸರಿ ಮಾಡಿದ ಮೇಲೇ ಕೆಡುವುದು. ಮಿಕ್ಸಿ ಹಾಗೇ ಹೋಯಿತು, ಟಿವಿ ಹಾಗೇ ಹೋಯಿತು, ನೀರೆತ್ತೋ ಮೋಟಾರು ಈಗ ಟ್ಯಾಂಕಿನಲ್ಲಿರೋ ನೀರನ್ನೂ ಕೆಳಗಿಳಿಸುತ್ತೆ. ಹಾಗಾಗಿ ನಗೋದಕ್ಕೆ ನಮಗೆ ಯಾವತ್ತೂ ಬರ ಬಂದಿಲ್ಲ. ಆದರೆ ಹೋದ ವರ್ಷ ಇವರು ಗಾಡಿಗೆ ಕೈ ಹಾಕಿದ್ದರಲ್ಲ, ಅದರ ಕತೆಗಳನ್ನ ಹೊಟ್ಟೆಯಲ್ಲಿಟ್ಟುಕೊಂಡರೆ ನನಗೇ ಅಜೀರ್ಣ.

ನಮ್ಮೂರು ಗುಬ್ಬಿ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಇವರದು ಶಾಮಿಯಾನದ ಅಂಗಡಿ. ಶಾಮಿಯಾನ, ಕುರ್ಚಿ, ಹಂಡೆ, ಕೊಪ್ಪರಿಗೆ, ಮದುವೆ ಗಂಡು ಹೆಣ್ಣು ಕೂರೋ ಸಿಂಹಾಸನ, ಎಲ್ಲ ಬಾಡಿಗೆಗೆ ಕೊಡ್ತಾರೆ. ಇದನ್ನೆಲ್ಲ ಹೊರೋದು ಒಂದು ಹಳೇ ಪಿಕಪ್ಪು. ಅದು ಮನೆಗೆ ಬಂದದ್ದು ನನಗಿಂತ ಆಮೇಲೆ. ಅದಕ್ಕೇ ಇರಬೇಕು, ಅದರ ಮೇಲೆ ಇವರಿಗೆ ಸ್ವಲ್ಪ ಪ್ರೀತಿ ಜಾಸ್ತಿ.

ಗಾಡಿಗೆ ಎಷ್ಟು ತಿಂಗಳು?

ಆ ಪಿಕಪ್ಪಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸೋತುಹೋಗಿದ್ದವು. ಒಂದರ ಮೇಲೊಂದು ಬಿಲ್ಲಿನ ಹಾಗೆ ಬಾಗಿ ನಿಲ್ಲಬೇಕಾದ ಕಬ್ಬಿಣದ ಪಟ್ಟಿಗಳು ಮಡಿಚಿಟ್ಟ ಪಂಚೆ ಥರ ಚಪ್ಪಟೆಯಾಗಿ ಮಲಗಿದ್ದವು. ಹಂಡೆ ಕೊಪ್ಪರಿಗೆ ತುಂಬಿದರೆ ಸಾಕು, ಗಾಡಿ ಹಿಂದೆ ಕೂತುಬಿಡೋದು. ರಸ್ತೆಯ ಹಂಪು ಬಂದಾಗಲೆಲ್ಲ ತಳ ಉಜ್ಜಿ ಕರ್ ಅನ್ನೋದು.

ಒಂದು ಸಲ ಕುಣಿಗಲ್‌ನಲ್ಲಿ ಗೃಹಪ್ರವೇಶ. ಇವರು ಸಾಮಾನು ತುಂಬಿಕೊಂಡು ಕರ್ ಅಂತಾ ಹೋಗಿ ಮನೆ ಮುಂದೆ ನಿಲ್ಲಿಸಿದರು. ಜಗಲಿ ಮೇಲೆ ಎಲೆಅಡಿಕೆ ಹಾಕ್ತಾ ಕೂತಿದ್ದ ಮುದುಕರೊಬ್ಬರು ಗಾಡೀನ ಹಿಂದಿನಿಂದ ಮುಂದಿನವರೆಗೂ ನೋಡಿ, "ಏನ್ ಯಜಮಾನ್ರೇ, ಗಾಡಿಗೆ ಎಷ್ಟ್ ತಿಂಗ್ಳು? ಆಸ್ಪತ್ರೆಗೆ ಹೊಂಟೈತಾ?" ಅಂದರಂತೆ. ಇಡೀ ಚಪ್ಪರ ನಕ್ಕಿತು. ಇವರು ಒಬ್ಬಟ್ಟಿನ ಊಟ ಬಿಟ್ಟು ಮನೆಗೆ ಬಂದರು. ಮದುವೆಯಾದಾಗಿನಿಂದ ಇವರು ಒಬ್ಬಟ್ಟು ಬಿಟ್ಟದ್ದನ್ನ ನಾನು ನೋಡಿರಲಿಲ್ಲ. ಹಾಗಾಗಿ ವಿಷಯ ಗಂಭೀರ ಅಂತ ಗೊತ್ತಾಯಿತು.

"ಗಾಡಿ ಎತ್ತರ ಮಾಡಿಸ್ತೀನಿ ಕಣೆ."

"ಹಳೇ ಪಟ್ಟಿ ತೆಗೆಸಿ ಹೊಸಾದು ಹಾಕ್ಸಿ ರೀ, ಸಾಕು."

"ಸಾಕು ಅಂದ್ರೇನೆ? ಕುಣಿಗಲ್ಲಿನೋರು ಕತ್ತೆತ್ತಿ ನೋಡ್ಬೇಕು, ಹಂಗೆ ಮಾಡಿಸ್ತೀನಿ."

"ಕುದುರೆ ಸಾಕೋ ಊರು ರೀ ಅದು. ಕತ್ತೆ ಯಾವ್ದು ಅಂತ ಕತ್ತೆತ್ತದೇನೇ ಹೇಳ್ತಾರೆ."

ಹುಲಿ

ಮುಂದಿನ ಭಾನುವಾರ ತುಮಕೂರಿಗೆ ಹೊರಟೆವು. ನನಗೆ ಸೀರೆ ಕೊಡಿಸ್ತೀನಿ ಅಂತ ಹೇಳಿ ಕರೆದುಕೊಂಡು ಹೋಗಿ, ಸ್ಪ್ರಿಂಗ್ ಪಟ್ಟಿ ಕೆಲಸ ಮಾಡೋ ಗ್ಯಾರೇಜಿನಲ್ಲಿ ಹಳೇ ಟೈರಿನ ಮೇಲೆ ಕೂರಿಸಿದರು.

ಗ್ಯಾರೇಜಿನ ಮೇಸ್ತ್ರಿ ಗಿರಾಕಿ ಮಾತಿಗೆ ಎದುರಾಡೋ ಪೈಕಿ ಅಲ್ಲ. "ಹೊಸ ಸೆಟ್ ಹಾಕಿದ್ರೆ ಕಂಪನಿ ಎತ್ತರಕ್ಕೆ ಬರುತ್ತೆ ಸಾರ್," ಅಂದ.

"ಕಂಪನಿಯೋರಿಗೆ ನಮ್ ಕಡೆ ರಸ್ತೆ ಏನ್ರೀ ಗೊತ್ತು?" ಅಂದರು ಇವರು.

"ಅದೂ ಸರಿನೇ ಸಾರ್. ಎಷ್ಟ್ ಎತ್ತರ ಬೇಕು?"

ಇವರು ಅಂಗೈಯನ್ನ ಬೆಲ್ಟಿನ ಹತ್ತಿರ ಹಿಡಿದು, ಸ್ವಲ್ಪ ಯೋಚನೆ ಮಾಡಿ, ಆ ಮುದುಕರ ಮಾತು ನೆನಪಾಗಿರಬೇಕು, ಅಂಗೈಯನ್ನ ಎದೆಯವರೆಗೂ ಎತ್ತಿದರು. ಮೇಸ್ತ್ರಿ ಬೇಡ ಅನ್ನಲಿಲ್ಲ. ಗುಜರಿ ರಾಶಿಯಿಂದ ಯಾವುದೋ ಲಾರಿಯ ದಪ್ಪ ಪಟ್ಟಿಗಳನ್ನ ಎಳೆದು ಎರಡೂ ಕಡೆ ಸೇರಿಸಿದ. ಅದೂ ಸಾಲದು ಅಂತ ಅಚ್ಚಿನ ಮೇಲೆ, ಪಟ್ಟಿ ಕಟ್ಟಿನ ಕೆಳಗೆ, ಇಟ್ಟಿಗೆಯಷ್ಟು ಗಾತ್ರದ ಕಬ್ಬಿಣದ ತುಂಡು ಇಟ್ಟ. ಹಳೇ ಬೋಲ್ಟು ಎಟುಕಲಿಲ್ಲ, ಉದ್ದನೇದು ಹಾಕಿ ಬಿಗಿದ. ಸೀರೆ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಜಾಕ್ ಇಳಿಸಿದ.

ಗಾಡಿಯ ಮುಂಭಾಗ ಎಲ್ಲಿತ್ತೋ ಅಲ್ಲೇ ಇತ್ತು. ಹಿಂಭಾಗ ಮಾತ್ರ ಆಕಾಶ ನೋಡ್ತಿತ್ತು.

"ಹಿಂದೆ ಮಾತ್ರ ಎತ್ತಿದ್ದಕ್ಕೆ ಮೂಗು ಸ್ವಲ್ಪ ನೆಲಕ್ಕಾಗಿದೆ ಸಾರ್," ಅಂತ ಮೇಸ್ತ್ರಿ ತಲೆ ಕೆರೆದುಕೊಂಡ.

"ಇರ್ಲಿ ಬಿಡ್ರೀ, ಅದೇ ಗತ್ತು. ಹುಲಿ ಹಾರೋಕ್ ಮುಂಚೆ ಹಿಂಗೇ ನಿಂತ್ಕೊಳ್ಳೋದು."

"ಮಠದಲ್ಲಿ ಸ್ವಾಮಿಗಳಿಗೆ ಅಡ್ಡ ಬೀಳೋಕ್ ಮುಂಚೆನೂ ನೀವು ಹಿಂಗೇ ನಿಂತ್ಕೊಳ್ಳೋದು," ಅಂದೆ.

ಮೇಸ್ತ್ರಿ ಸ್ಪ್ಯಾನರ್ ಹುಡುಕೋ ನೆಪದಲ್ಲಿ ಡಬ್ಬದೊಳಗೆ ತಲೆ ಹಾಕಿದ. ಅದು ತುಂಬ ಹೊತ್ತು ಸಿಗಲಿಲ್ಲ ಅಂತ ಕಾಣುತ್ತೆ. ಬೆನ್ನು ಮಾತ್ರ ಕುಲುಕ್ತಾನೇ ಇತ್ತು.

ಶಾಫ್ಟು

ತುಮಕೂರಿನಿಂದ ವಾಪಸ್ ಬರುವಾಗ ಗೊತ್ತಾದ ಸಂಗತಿ ಏನಂದರೆ, ಹಿಂಭಾಗ ಎತ್ತಿದ ಮೇಲೆ ಎಂಜಿನ್ನಿನಿಂದ ಹಿಂದಿನ ಚಕ್ರದ ಕಡೆಗೆ ಹೋಗೋ ಉದ್ದನೆಯ ಶಾಫ್ಟು ಓರೆಯಾಗಿಬಿಟ್ಟಿದೆ. ಗಾಡಿ ಸ್ವಲ್ಪ ಜೋರಾದರೆ ಇಡೀ ಕ್ಯಾಬಿನ್ನು ಗಡಗಡ ನಡುಗೋದು. ನನ್ನ ಬಳೆ, ಹಲ್ಲು, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿ, ಎಲ್ಲ ಒಂದೇ ತಾಳಕ್ಕೆ ಕುಣೀತಿದ್ದವು.

"ಮೈಗೆ ಒಳ್ಳೇದು ಕಣೆ, ಮಸಾಜ್ ಇದ್ದಂಗೆ," ಅಂದರು ಇವರು. ಅವರ ಮಾತೂ ತುಂಡುತುಂಡಾಗಿ ಬರ್ತಿತ್ತು.

ಅಷ್ಟರಲ್ಲಿ ನಮ್ಮಮ್ಮನ ಫೋನು. ಅವರೂ ಗುಬ್ಬಿಯಲ್ಲೇ, ಎರಡು ಬೀದಿ ಆಚೆ ಇರೋದು.

"ಹ-ಹ-ಹಲೋ, ಅ-ಅ-ಅಮ್ಮಾ."

"ಯಾಕೇ? ಏನಾಯ್ತೇ?"

"ಏ-ಏ-ಏನಿಲ್ಲಮ್ಮಾ."

"ಏನಿಲ್ಲ ಅಂದ್ರೆ? ಸೀರೆ ತಗೊಂಡ್ಯಾ?"

"ಇ-ಇ-ಇಲ್ಲಮ್ಮಾ. ಅ-ಅ-ಅವ್ರು ಕೊ-ಕೊ-ಕೊಡಿಸ್ಲಿಲ್ಲ."

ಆ ಕಡೆ ಫೋನು ಕಟ್ಟಾಯಿತು. ನಾವು ಮನೆ ತಲುಪೋ ಹೊತ್ತಿಗೆ ಜಗಲಿ ಮೇಲೆ ನಮ್ಮಮ್ಮ, ನನ್ನ ತಮ್ಮ, ಜೊತೆಗೆ ಬೀದಿಯ ಇಬ್ಬರು ಹಿರಿಯರು ಕೂತಿದ್ದರು. ಯಾರ ಮುಖದಲ್ಲೂ ನಗು ಇಲ್ಲ. ಇವರು ಗಾಡಿಯಿಂದ ಇಳಿದು, ಎಲ್ಲರೂ ಗಾಡಿಯ ಎತ್ತರ ನೋಡೋಕೆ ಬಂದಿದ್ದಾರೆ ಅಂದುಕೊಂಡು, "ಹೆಂಗೈತೆ?" ಅಂತ ಕೇಳಿದರು.

ನನ್ನ ತಮ್ಮ ಎದ್ದು ನಿಂತ. "ಏನ್ ಭಾವ ನೀವು? ಒಂದ್ ಸೀರೆಗೋಸ್ಕರ ನಮ್ಮಕ್ಕನ್ನ ತುಮಕೂರಿಂದ ಗುಬ್ಬಿವರ್ಗೂ ಅಳಿಸ್ಕೊಂಡ್ ಬರೋದಾ? ಮೇಲೆ ಹೆಂಗೈತೆ ಅಂತ ಬೇರೆ ಕೇಳ್ತೀರಾ?"

"ಅಳು ಅಲ್ಲ ಕಣೋ ಅದು, ಶಾಫ್ಟು!" ಅಂದರು ಇವರು.

ಹಿರಿಯರಲ್ಲಿ ಒಬ್ಬರಿಗೆ ಕಿವಿ ಸ್ವಲ್ಪ ಮಂದ. ಅವರು ಹೆದರಿಕೊಂಡು ಎದ್ದೇಬಿಟ್ಟರು. "ಶಾಪ ಹಾಕೋವರ್ಗೂ ಬಂತಾ? ಹೆಂಡ್ತಿ ಶಾಪ ಒಳ್ಳೇದಲ್ಲ ಕಣಪ್ಪ. ಕೊಡಿಸ್ಬುಡು, ಕೊಡಿಸ್ಬುಡು."

ನಾನು ಆಗಲೇ ನಿಜ ಹೇಳಬಹುದಿತ್ತು. ಆದರೆ ಕಣ್ಣಿಗೆ ರಸ್ತೆ ಧೂಳು ಬಿದ್ದಿತ್ತು, ಸೆರಗಿನಿಂದ ಒರೆಸಿಕೊಳ್ತಾ ಇದ್ದೆ. ಮುಂದಿನ ಭಾನುವಾರ ಎರಡು ಸೀರೆ ಬಂದವು. ಆವತ್ತಿನಿಂದ ಆ ಶಾಫ್ಟಿನ ಮೇಲೆ ನನಗೆ ತುಂಬ ಗೌರವ.

ಹತ್ತೋ ಟೇಬಲ್ಲು

ನಮ್ಮಲ್ಲಿ ಸಾಮಾನು ಹೊತ್ತು ಹಾಕೋಕೆ ಇಬ್ಬರು ಆಳುಗಳಿದ್ದಾರೆ. ಇಬ್ಬರೂ ನಮ್ಮೆಜಮಾನ್ರಿಗಿಂತ ವಯಸ್ಸಾದವರು, ಇಬ್ಬರೂ ಕುಳ್ಳಗಿರೋರು. ಮೊದಲು ಸೊಂಟದ ಮಟ್ಟಕ್ಕಿದ್ದ ಗಾಡಿಯ ಹಲಗೆ ಈಗ ಅವರ ಗದ್ದದ ಮಟ್ಟಕ್ಕೆ ಬಂದಿತ್ತು. ಕೊಪ್ಪರಿಗೆ ಎತ್ತಿಕೊಂಡು ಬಂದು ಇಬ್ಬರೂ ಗಾಡಿ ಹಿಂದೆ ನಿಂತರು.

"ಅಣ್ಣಾ, ಗಾಡಿ ಎತ್ರ ಮಾಡ್ಸಿದ್ರಲ್ಲ, ನಮ್ಮನ್ನೂ ಒಂಚೂರು ಎತ್ರ ಮಾಡಿಸ್ಬುಡಿ," ಅಂದ ದೊಡ್ಡವನು.

ಇವರು ಯೋಚನೆ ಮಾಡಿ ಒಂದು ಗಟ್ಟಿಯಾದ ಮರದ ಟೇಬಲ್ ತಂದು ಗಾಡಿ ಹಿಂದೆ ಇಟ್ಟರು. ಒಬ್ಬ ಟೇಬಲ್ ಮೇಲೆ ನಿಲ್ಲೋದು, ಇನ್ನೊಬ್ಬ ಕೆಳಗಿಂದ ಕೊಡೋದು. ಕೆಲಸ ಸಲೀಸಾಯಿತು. ಎಲ್ಲ ತುಂಬಿದ ಮೇಲೆ ಹೊರಡೋಣ ಅಂತ ನೋಡಿದರೆ ಟೇಬಲ್ಲು ಕೆಳಗೇ ಇದೆ. ಇಳಿಸೋ ಕಡೆಯೂ ಅದು ಬೇಕಲ್ಲ?

"ಅದನ್ನೂ ಮೇಲಕ್ಕೆ ಹಾಕ್ರೋ," ಅಂದರು ಇವರು.

"ಯಾವುದರ್ ಮೇಲೆ ನಿಂತ್ಕೊಂಡ್ ಹಾಕೋದಣ್ಣಾ?"

ಇವರು ಒಳಗೆ ಹೋಗಿ ಇನ್ನೊಂದು ಟೇಬಲ್ ತಂದರು. ಅದರ ಮೇಲೆ ನಿಂತು ಮೊದಲನೇದನ್ನ ಹಾಕಿದರು. ಎರಡನೇದು ಅಂಗಳದಲ್ಲೇ ಉಳಿಯಿತು. ಮೊದಲನೇದು ಹೋದ ಕಡೆ ಇಳಿಯಿತು, ವಾಪಸ್ ಬರುವಾಗ ಎಲ್ಲ ಸಾಮಾನು ತುಂಬಿದ ಮೇಲೆ ಅದು ಅಲ್ಲೇ ಉಳಿಯಿತು. ಮುಂದಿನ ಸಲ ಅಂಗಳದ್ದು ಹೋಯಿತು, ಅದೂ ಬರಲಿಲ್ಲ. ಹೀಗೇ ಆಗಿ ಆಗಿ ನಮ್ಮ ಟೇಬಲ್ಲುಗಳು ಒಂದು ನಾಮಕರಣದ ಮನೆಯಲ್ಲಿ, ಒಂದು ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಬೀಗರೂಟ ಮಾಡಿದ ತೋಟದಲ್ಲಿ, ಒಂದು ಯಾವುದೋ ಹಳ್ಳಿ ಸ್ಕೂಲಿನಲ್ಲಿ, ಹೀಗೆ ಚೆಲ್ಲಾಪಿಲ್ಲಿಯಾದವು.

ಕೊನೆಗೆ ಊಟಕ್ಕೆ ಕೂತಾಗ ನೋಡ್ತೀನಿ, ನಮ್ಮ ಡೈನಿಂಗ್ ಟೇಬಲ್ಲೇ ಇಲ್ಲ. "ಅದೆಲ್ಲಿ ರೀ?" ಅಂದೆ. ಇವರು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, "ನೆಲದ ಮೇಲೆ ಕೂತು ಉಂಡ್ರೆ ಜೀರ್ಣಕ್ಕೆ ಒಳ್ಳೇದಂತೆ ಕಣೆ," ಅಂತ ತಟ್ಟೆ ಮುಂದಕ್ಕೆ ಎಳೆದುಕೊಂಡರು.

ನೆಂಟರ ತೂಕ

ಗಾಡಿ ಹಳೇದಲ್ಲವಾ, ಫಿಟ್‌ನೆಸ್ ಪರೀಕ್ಷೆಗೆ ಆರ್‌ಟಿಓ ಆಫೀಸಿನಲ್ಲಿ ತೋರಿಸಬೇಕಾದ ದಿನ ಹತ್ತಿರ ಬಂತು. ಹೀಗೆ ಬಾಲ ಎತ್ತಿಕೊಂಡು ಹೋದರೆ ಸಾಹೇಬರು ನೋಡಿದ ತಕ್ಷಣ ವಾಪಸ್ ಕಳಿಸ್ತಾರೆ ಅಂತ ಪಕ್ಕದ ಅಂಗಡಿಯವರು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಆ ಕಬ್ಬಿಣದ ತುಂಡು ತೆಗೆಸಿಬಿಡ್ತಿದ್ದರು. ಇವರು ಹಾಗಲ್ಲ.

"ತೂಕ ಹಾಕಿದ್ರೆ ತಾನಾಗೇ ಕೂತ್ಕೊಳ್ಳುತ್ತೆ ಕಣೆ. ಸಾಹೇಬ್ರು ನೋಡೋವಷ್ಟು ಹೊತ್ತು ಕೂತಿದ್ರೆ ಸಾಕು."

ರುಬ್ಬೋ ಕಲ್ಲು ಹೇರಿದರು. ಗಾಡಿ ಅಲ್ಲಾಡಲಿಲ್ಲ, ಲಾರಿಯ ಪಟ್ಟಿ ಅಲ್ಲವಾ. ತೆಂಗಿನಕಾಯಿ ಮೂಟೆ ಹೇರಿದರು. ಒಂಚೂರು ಕೂತಿತು. ಆಮೇಲೆ ನೆಂಟರನ್ನ ಕರೆಸಿದರು. ನನ್ನ ತಮ್ಮ, ಇವರ ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ಮುದ್ದೆ ಉಂಡು ಬೆಳೆದ ಮೈಯವರೆಲ್ಲ ಮೂಟೆಗಳ ಮಧ್ಯೆ ಕೂತರು. ಮೇಲೆ ಶಾಮಿಯಾನದ ಬಟ್ಟೆ ಮುಚ್ಚಿ ಹಗ್ಗ ಕಟ್ಟಿದರು. ಗಾಡಿ ಸಾಧು ಹಸುವಿನ ಹಾಗೆ ಸಮವಾಗಿ ನಿಂತಿತು. ಆವತ್ತು ನನಗೆ ಸ್ಕೂಲಿಗೆ ರಜ. ಈ ತಮಾಷೆ ತಪ್ಪಿಸಿಕೊಳ್ಳಬಾರದು ಅಂತ ನಾನೂ ಮುಂದೆ ಕೂತೆ.

ಆಫೀಸಿನ ಮುಂದೆ ಸಾಹೇಬರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಲೈಟು ನೋಡಿದರು, ಹಾರ್ನ್ ಹೊಡೆಸಿದರು, ಹಿಂದೆ ನಿಂತು ತಲೆ ಓರೆ ಮಾಡಿ, "ಎತ್ತರ ಎಲ್ಲ ಸರಿಯಾಗಿದೆ," ಅಂದರು. ಇವರ ಮುಖ ಊರಗಲ ಆಯಿತು.

ಆಗ ಬಟ್ಟೆಯ ಕೆಳಗಿಂದ ನನ್ನ ತಮ್ಮನ ದನಿ ಬಂತು. "ಭಾವಾ, ಆಯ್ತಾ? ಉಸಿರು ಕಟ್ತಾ ಐತೆ, ಇಳ್ಯದಾ?"

ಸಾಹೇಬರು ಬಟ್ಟೆ ಎತ್ತಿದರು. ಒಳಗಿಂದ ಎಷ್ಟೋ ಜೊತೆ ಕಣ್ಣುಗಳು ಅವರನ್ನ ನೋಡಿದವು.

"ಯಾರ್ರೀ ಇವ್ರೆಲ್ಲ?"

"ನೆಂಟ್ರು ಸಾರ್."

"ಇಳಿಸ್ರೀ ಎಲ್ಲಾರ್ನೂವೆ!"

ಒಬ್ಬೊಬ್ಬರೇ ಇಳಿದರು. ಒಬ್ಬೊಬ್ಬರು ಇಳಿದ ಹಾಗೆಲ್ಲ ಗಾಡಿಯ ಹಿಂಭಾಗ ಕಿರ್ ಅಂತ ಸದ್ದು ಮಾಡ್ತಾ ಸ್ವಲ್ಪ ಸ್ವಲ್ಪವೇ ಮೇಲೇಳ್ತಾ ಹೋಯಿತು. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕೊನೆಗೆ ನನ್ನ ತಮ್ಮ ಧುಮುಕಿದ. ಗಾಡಿ ಇನ್ನೊಂದು ಸಲ ಮೇಲೆ ಹಾರಿ ನಿಂತಿತು.

"ಇಷ್ಟೇನಾ? ಇನ್ನೂ ಯಾರಾದ್ರೂ ಇದ್ದಾರಾ?"

"ಇಷ್ಟೇ ಸಾರ್."

"ಸದ್ಯ. ಇನ್ನಿಬ್ರು ಇಳಿದಿದ್ರೆ ಗಾಡಿ ಕೈಗೆ ಸಿಗ್ತಿರ್ಲಿಲ್ಲ, ಹಾರೇ ಹೋಗೋದು."

ವಿನಯವಂತ ಗಂಡು

ಕಂಪನಿ ಎತ್ತರಕ್ಕೆ ಇಳಿಸಿಕೊಂಡು ಬನ್ನಿ ಅಂತ ಸಾಹೇಬರು ವಾಪಸ್ ಕಳಿಸಿದರು. ಹಳೇ ಸರ್ಟಿಫಿಕೇಟು ಮುಗಿಯೋಕೆ ಇನ್ನೂ ಸ್ವಲ್ಪ ದಿನ ಇತ್ತು. "ಕುಣಿಗಲ್ ಮದುವೆ ಒಂದು ಮುಗೀಲಿ, ಇಳಿಸ್ತೀನಿ," ಅಂದರು ಇವರು. ಆ ಸೀಸನ್ನಿನಲ್ಲಿ ನಮಗೆ ಬಂದಿದ್ದ ದೊಡ್ಡ ಮದುವೆ ಅದು. ಅಲ್ಲಿ ಹೆಸರು ಕೆಟ್ಟರೆ ಆ ಕಡೆ ಇನ್ನು ಯಾರೂ ಕರೆಯೋದಿಲ್ಲ.

ವರಪೂಜೆ ದಿನ ನಾನೂ ಜೊತೆಗೆ ಹೋಗಿದ್ದೆ. ಬೆಳಿಗ್ಗೆ ಛತ್ರದ ಮುಂದೆ, ರಸ್ತೆಗೆ ಅಡ್ಡಲಾಗಿ ಶಾಮಿಯಾನ ಕಟ್ಟಿಸಿದರು. ಸಾಮಾನು ತುಂಬಿದ ಗಾಡೀನ ಅದರ ಕೆಳಗೇ ಓಡಿಸಿ ನೋಡಿ, "ಒಂದು ಗೇಣು ಗ್ಯಾಪ್ ಇದೆ," ಅಂತ ಖುಷಿಪಟ್ಟರು. ಸಂಜೆ ದೇವಸ್ಥಾನದಿಂದ ಛತ್ರಕ್ಕೆ ಗಂಡಿನ ಮೆರವಣಿಗೆ. ಅದಕ್ಕೆ ಹೇಳಿದ್ದ ಕಾರು ಕೆಟ್ಟು ನಿಂತಿತು. ಗಂಡಿನ ಅಪ್ಪ ಮೀಸೆ ತಿರುವಿಕೊಂಡು ಬಂದು, "ನಿಮ್ ಗಾಡಿ ಒಳ್ಳೆ ಆನೆ ಇದ್ದಂಗೈತಲ್ಲ. ಅದ್ರಲ್ಲೇ ನಮ್ ಹುಡುಗನ್ನ ಕೂರಿಸ್ರಿ, ಊರೆಲ್ಲ ನೋಡ್ಲಿ," ಅಂದರು. ನಮ್ಮೆಜಮಾನ್ರು ನನ್ನ ಕಡೆ ತಿರುಗಿ ಒಂದು ನೋಟ ಬೀರಿದರು. ಕುಣಿಗಲ್ಲು ಕತ್ತೆತ್ತಿ ನೋಡೋ ಗಳಿಗೆ ಬಂದೇಬಿಟ್ಟಿತ್ತು.

ಸಾಮಾನೆಲ್ಲ ಇಳಿಸಿ, ಚೆಂಡು ಹೂವು ಕಟ್ಟಿ, ಸಿಂಹಾಸನ ಇಟ್ಟು, ಅದಕ್ಕೆ ಒಂದು ದೊಡ್ಡ ಬಣ್ಣದ ಛತ್ರಿ ಬಿಗಿದರು. ಗಂಡು ಬ್ಯಾಂಕಿನಲ್ಲಿ ಕೆಲಸ ಮಾಡೋ ದಪ್ಪನೆಯ ಮೆತ್ತನೆಯ ಹುಡುಗ. ನಾಲ್ಕು ಜನ ಎತ್ತಿ ಹತ್ತಿಸಿದರು. ಸಿಂಹಾಸನದ್ದು ರೆಕ್ಸಿನ್ ಸೀಟು, ಗಂಡಿನದು ರೇಷ್ಮೆ ಪಂಚೆ, ಗಾಡಿ ಮುಂದಕ್ಕೆ ಇಳಿಜಾರು. ಕೂತ ಕೂಡಲೇ ಜಾರಿದ. ಮತ್ತೆ ಕೂರಿಸಿದರು, ಮತ್ತೆ ಜಾರಿದ. ಇವರು ಶಾಮಿಯಾನದ ಹಗ್ಗ ತಂದು ಸೊಂಟಕ್ಕೂ ಸಿಂಹಾಸನಕ್ಕೂ ಸೇರಿಸಿ ಗಂಟು ಹಾಕಿದರು. ಮೇಲೆ ಜರಿ ಶಲ್ಯ ಹೊದಿಸಿದರು.

ಜಾರೋದು ನಿಂತಿತು, ಬಾಗೋದು ನಿಲ್ಲಲಿಲ್ಲ. ಗಾಡಿ ನಿಧಾನ ಆದರೆ ಗಂಡು ಬಗ್ಗೋದು, ಬ್ರೇಕ್ ಹಾಕಿದರೆ ಇನ್ನೂ ಬಗ್ಗೋದು. ರಸ್ತೆ ಬದಿಯಲ್ಲಿ ನಿಂತಿದ್ದ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. "ಎಂಥಾ ವಿನಯ ನೋಡೇ! ಕಂಡೋರಿಗೆಲ್ಲ ತಲೆ ಬಗ್ಗಿಸ್ತಾವ್ನೆ." ಹೆಣ್ಣಿನ ತಾತ ಕಣ್ಣೊರೆಸಿಕೊಂಡು, "ಈ ಕಾಲದಾಗೂ ಇಂಥಾ ಹುಡುಗ ಅವ್ನಲ್ಲಪ್ಪ," ಅಂದರು. ಗಂಡಿನ ಅಪ್ಪನ ಮೀಸೆ ಮಾತ್ರ ಸ್ವಲ್ಪ ಸ್ವಲ್ಪವೇ ಇಳೀತಿತ್ತು.

ಒಂದು ಹಂಪು ಬಂತು. ಲಾರಿಯ ಪಟ್ಟಿ, ಹೊರೆ ಇಲ್ಲದ ಗಾಡಿ. ಹಿಂಭಾಗ ಕುದುರೆ ಒದ್ದ ಹಾಗೆ ಎದ್ದಿತು. ಗಂಡು, ಸಿಂಹಾಸನ, ಛತ್ರಿ ಒಟ್ಟಿಗೇ ಎದ್ದು ಒಟ್ಟಿಗೇ ಕೂತವು. ಗಂಡು ಡ್ಯಾನ್ಸ್ ಮಾಡ್ತಿದ್ದಾನೆ ಅಂದುಕೊಂಡು ತಮಟೆಯವರು ಜೋರು ಮಾಡಿದರು. ಹುಡುಗರು ಶಿಳ್ಳೆ ಹೊಡೆದರು. ವಿಡಿಯೋದವನು ಓಡಿ ಬಂದು ಕಿಟಕಿ ಬಡಿದ. "ಸಾರ್, ಸೂಪರ್ರಾಗಿತ್ತು, ಕ್ಯಾಮೆರಾ ಆನ್ ಆಗಿರ್ಲಿಲ್ಲ. ಒಂಚೂರು ರಿವರ್ಸ್ ತಗೊಂಡು ಇನ್ನೊಂದ್ಸಲ ಹತ್ತಿಸ್ತೀರಾ?" ಇವರು ಹತ್ತಿಸಿದರು. ಗಂಡು "ನಿಲ್ಲಿಸ್ರೋ" ಅಂತ ಕಿರುಚಿದ್ದು ತಮಟೆಯಲ್ಲಿ ಮುಳುಗಿಹೋಯಿತು.

ಛತ್ರ ಬಂತು. ಶಾಮಿಯಾನದ ಕೆಳಗೆ ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಬೆಳಿಗ್ಗೆ ಹೊರೆ ಹೊತ್ತು ಕುಗ್ಗಿದ್ದ ಗಾಡಿಗೆ ಗೇಣು ಗ್ಯಾಪ್ ಇತ್ತು. ಈಗ ಹೊರೆ ಇಲ್ಲ, ಮೇಲೆ ಛತ್ರಿ ಬೇರೆ. ಅದರ ತುದಿ ಬಟ್ಟೆಗೆ ಸಿಕ್ಕಿಕೊಂಡಿತು. ಪಟ್ ಪಟ್ ಅಂತ ಗೂಟ ಕಿತ್ತು ಬರೋಕೆ ಶುರುವಾಯಿತು. ಎಡಗಡೆ ಕಂಬ ಬೀಳ್ತಿರೋದನ್ನ ಕಂಡ ಇವರು ಗಾಬರಿಯಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದರು. ಗಾಡಿ ಆರತಿ ದಾಟಿತು, ಛತ್ರ ದಾಟಿತು, ಕೆರೆ ಕಡೆ ರಸ್ತೆ ಹಿಡಿಯಿತು.

ನಾನು ಪಕ್ಕದಲ್ಲೇ ಕೂತಿದ್ದೆ. ಕನ್ನಡಿಯಲ್ಲಿ ನೋಡಿ ಹೇಳಿದೆ. "ರೀ, ಹಿಂದೆ ನಮ್ಮ ಶಾಮಿಯಾನ ಬರ್ತಿದೆ."

"ಯಾರ್ ಕಳ್ಸಿದ್ದು?"

"ಯಾರೂ ಕಳ್ಸಿಲ್ಲ, ಅದೇ ಬರ್ತಿದೆ. ನಿಲ್ಸಿ ರೀ!"

ಕೈಗೆ ಸಿಕ್ಕ ಹ್ಯಾಂಡ್‌ಬ್ರೇಕ್ ಎಳೆದೆ. ಗಾಡಿ ಮುಗ್ಗರಿಸಿ ನಿಂತಿತು. ಇಳಿದು ನೋಡಿದರೆ, ಛತ್ರಿಯಿಂದ ಹಿಂದಕ್ಕೆ ಇಡೀ ಶಾಮಿಯಾನ ಹರಡಿಕೊಂಡಿದೆ. ತಲೆ ಮೇಲೆ ಬೀಳದಿರಲಿ ಅಂತ ನೆಂಟರು ಅದರ ಅಂಚುಗಳನ್ನ ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡಿ ಬಂದಿದ್ದಾರೆ. ನಿಲ್ಲಿಸಿ ಅಂತ ಯಾರೂ ಹೇಳಿಲ್ಲವಲ್ಲ, ತಮಟೆಯವರು ಕೆಳಗೆ ಬಾರಿಸ್ತಾನೇ ಇದ್ದಾರೆ. ಆರತಿ ತಟ್ಟೆಯವರೂ ಬಂದಿದ್ದಾರೆ.

ಬಟ್ಟೆಯೊಳಗಿಂದ ಗಂಡಿನ ದನಿ ಕೇಳಿತು. "ನಾನು ಮದ್ವೆ ಆಗಲ್ಲ! ನನ್ನ ಮನೆಗೆ ಕಳಿಸ್ರಿ!"

ತಮಟೆ ಗಕ್ಕನೆ ನಿಂತಿತು. ಇವರ ಮುಖ ಸುಣ್ಣದ ಗೋಡೆಯಾಗಿತ್ತು. ನಗೋ ಸ್ವಭಾವದ ನನಗೂ ಆಗ ನಗು ಬರಲಿಲ್ಲ. ಹೆಣ್ಣಿನ ತಾತ ಕೂತೇಬಿಟ್ಟರು. ಆಗ ಮದುವಣಗಿತ್ತಿಯೇ ಛತ್ರದಿಂದ ಸೀರೆ ನೆರಿಗೆ ಎತ್ತಿಕೊಂಡು ಓಡಿ ಬಂದಳು. ಬಟ್ಟೆ ಸರಿಸಿ ನೋಡಿದಳು. ಪೇಟ ಕಣ್ಣಿನ ಮೇಲೆ, ಕತ್ತಿನ ಹಾರ ಕಿವಿಗೆ, ಸೊಂಟಕ್ಕೆ ಹಗ್ಗ.

"ಇಳೀರಿ, ನಡ್ಕೊಂಡೇ ಹೋಗೋಣ," ಅಂದಳು.

"ಇಳಿಯೋಕಾಗಲ್ಲ, ಕಟ್ಟಾಕವ್ರೆ," ಅಂದ ಪಾಪದ ಗಂಡು.

ಹುಡುಗಿ ಕಿಲಕಿಲ ನಕ್ಕಳು. ಅವಳು ನಕ್ಕಿದ್ದು ನೋಡಿ ಅವನೂ ನಕ್ಕ. ನಮ್ಮೆಲ್ಲರಿಗೂ ಹೋದ ಜೀವ ಬಂತು. ಶಾಮಿಯಾನದ ಗಂಟು ಎಳೆದಷ್ಟೂ ಬಿಗಿಯೋದು, ಯಾರ ಕೈಗೂ ಬಿಚ್ಚೋಕೆ ಬರಲಿಲ್ಲ. ಕೊನೆಗೆ ನಾಲ್ಕು ಜನ ಸಿಂಹಾಸನವನ್ನೇ ಹೆಗಲ ಮೇಲೆ ಹೊತ್ತರು. ಮೇಲೆ ಶಾಮಿಯಾನ, ಕೆಳಗೆ ತಮಟೆ, ಪಕ್ಕದಲ್ಲಿ ಮದುವಣಗಿತ್ತಿ. ಅಂಥ ಮೆರವಣಿಗೆ ಕುಣಿಗಲ್ಲು ಕಂಡಿರಲಿಲ್ಲ. ಮದುವೆ ಚೆನ್ನಾಗೇ ಆಯಿತು.

ಸೋಮವಾರವೇ ಇವರು ತುಮಕೂರಿಗೆ ಹೋಗಿ ಕಬ್ಬಿಣದ ತುಂಡು, ಲಾರಿ ಪಟ್ಟಿ ಎಲ್ಲ ಬಿಚ್ಚಿಸಿ, ಹೊಸ ಸೆಟ್ ಹಾಕಿಸಿಕೊಂಡು ಬಂದರು. ಗಾಡಿ ನೆಟ್ಟಗೆ ನಿಂತಿತು. ಇವರು ಮಾತ್ರ ತಲೆ ತಗ್ಗಿಸಿಕೊಂಡು ಅಂಗಡಿಯಲ್ಲಿ ಕೂತರು, ಕುಣಿಗಲ್ ಕಡೆಯಿಂದ ಇನ್ನು ಯಾರು ಕರೀತಾರೆ ಅಂತ.

ಮಾರನೇ ದಿನವೇ ಕುಣಿಗಲ್ಲಿನಿಂದ ಫೋನು. ಇವರು ಹೆದರಿಕೊಂಡು ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

"ಗಂಡಿನ ತಲೆ ಬಗ್ಗಿಸೋ ಗಾಡಿ ನಿಮ್ದೇನಾ ಸಾರ್? ನಮ್ಮನೇಲೂ ಮುಂದಿನ ತಿಂಗ್ಳು ಒಂದು ಮದ್ವೆ, ನಾವು ಹೆಣ್ಣಿನ ಕಡೆಯೋರು. ನಮ್ ಬೀಗರ ಜೋರು ಸಿಕ್ಕಾಪಟ್ಟೆ ಆಗೈತೆ, ನಮ್ಗೂ ಅದೇ ಗಾಡಿ ಬೇಕು. ಗಂಡಿನ ಪಕ್ಕ ಅವರಪ್ಪನಿಗೂ ಒಂದು ಕುರ್ಚಿ ಹಾಕಿ, ಹಗ್ಗ ಸ್ವಲ್ಪ ಬಿಗಿಯಾಗೇ ಕಟ್ಟಿ."